ತಿಂಗಳುಗಟ್ಟಲೆ ನಿಂತ ಕಾರನ್ನು ಎಬ್ಬಿಸುವುದು: ಸ್ಟಾರ್ಟಿಂಗ್ ಫ್ಲೂಯಿಡ್ ಬಳಕೆ ಮತ್ತು ಇಂಜಿನ್ ಆರೈಕೆ

ಮಲೆನಾಡಿನಲ್ಲಿ ಮಳೆಗಾಲ ಬಂತು ಅಂದ್ರೆ ಹಳೇ ಕಾರಿಗೆ ರಜೆ. ತೀರ್ಥಹಳ್ಳಿ ಕಡೆ ನಮ್ಮ ಮನೆಯಲ್ಲಿ ಅಪ್ಪಯ್ಯನ 1996ರ ಮಾರುತಿ 800 ಇದೆ. ಕಾರ್ಬ್ಯುರೇಟರ್ ಗಾಡಿ, ಅಂದರೆ ಗಾಳಿಗೆ ಪೆಟ್ರೋಲ್ ಬೆರೆಸಿ ಇಂಜಿನ್ನಿಗೆ ಕೊಡುವ ಹಳೇ ಕಾಲದ ಸಾಧನ ಇರುವ ಗಾಡಿ. ಜೂನಿನಲ್ಲಿ ಕೊಟ್ಟಿಗೆ ಪಕ್ಕದ ಶೆಡ್ಡಿಗೆ ಸೇರಿದರೆ ಮತ್ತೆ ಅಂಗಳಕ್ಕೆ ಬರುವುದು ಆಯುಧಪೂಜೆಗೆ ತೊಳೆಯುವ ಹೊತ್ತಿಗೆ. ಪ್ರತಿ ವರ್ಷ ಅದೇ ವಾರ ಫೋನ್ ಬರುತ್ತದೆ: "ಸೆಲ್ಫ್ ತಗೊಳ್ತದೆ, ಸ್ಟಾರ್ಟ್ ಆಗ್ತಿಲ್ಲ ಮಾರಾಯ. ಆ ಸ್ಪ್ರೇ ಎಲ್ಲಿಟ್ಟಿದ್ದೀಯ?"

ಆ ಸ್ಪ್ರೇ ಅಂದರೆ ಸ್ಟಾರ್ಟಿಂಗ್ ಫ್ಲೂಯಿಡ್, ಏಳದ ಇಂಜಿನ್ನಿಗೆ ಹೊಡೆಯುವ, ಬೇಗ ಹೊತ್ತಿಕೊಳ್ಳುವ ದ್ರವ. ಸರಿಯಾಗಿ ಬಳಸಿದರೆ ಬ್ಯಾಟರಿ ಉಳಿಸುತ್ತದೆ, ತೊಂದರೆ ಎಲ್ಲಿದೆ ಅಂತಲೂ ಹೇಳುತ್ತದೆ. ತಪ್ಪಾಗಿ ಬಳಸಿದರೆ ಪಿಸ್ಟನ್ ಒಡೆಯುತ್ತದೆ, ಮುಖ ಸುಡುತ್ತದೆ. ಎರಡು ಸೆಕೆಂಡಿನ ಕೆಲಸ ಇದು, ಆದರೆ ಅದಕ್ಕೆ ಮೊದಲು ಅರ್ಧ ಗಂಟೆಯ ಕೆಲಸ ಇರುತ್ತದೆ, ಮತ್ತು ಹೆಚ್ಚಿನ ಸಲ ಆ ಅರ್ಧ ಗಂಟೆಯಲ್ಲೇ ಗಾಡಿ ಸ್ಟಾರ್ಟ್ ಆಗಿಬಿಡುತ್ತದೆ, ಕ್ಯಾನಿನ ಮುಚ್ಚಳ ತೆಗೆಯುವ ಅಗತ್ಯವೇ ಬರುವುದಿಲ್ಲ.

ಕ್ಯಾನಿನೊಳಗೆ ಏನಿದೆ

ಮುಖ್ಯವಾಗಿ ಡೈಈಥೈಲ್ ಈಥರ್. 1846ರಲ್ಲಿ ಅಮೆರಿಕದ ಬಾಸ್ಟನ್ನಿನಲ್ಲಿ ವಿಲಿಯಂ ಮಾರ್ಟನ್ ಎಂಬ ದಂತವೈದ್ಯರು ಶಸ್ತ್ರಚಿಕಿತ್ಸೆಗೆ ರೋಗಿಗೆ ಪ್ರಜ್ಞೆ ತಪ್ಪಿಸಿ ತೋರಿಸಿದ್ದು ಇದೇ ಈಥರ್ ಹಬೆಯಿಂದ. ಮುಚ್ಚಿದ ಶೆಡ್ಡಿನಲ್ಲಿ ಹೊಡೆದರೆ ತಲೆ ತಿರುಗುವುದು ಅದಕ್ಕೇ.

ಈಥರ್ ಬೇಗ ಆವಿಯಾಗುತ್ತದೆ, ಬೇಗ ಹೊತ್ತಿಕೊಳ್ಳುತ್ತದೆ. ಕಿಡಿ ಇಲ್ಲದೆ ಬರೀ ಬಿಸಿಗೇ ಹೊತ್ತಿಕೊಳ್ಳಲು ಪೆಟ್ರೋಲಿಗೆ 250 ಡಿಗ್ರಿ ದಾಟಬೇಕು, ಈಥರಿಗೆ ಸುಮಾರು 160 ಡಿಗ್ರಿ ಸಾಕು. ಅದರ ಆವಿ ಗಾಳಿಗಿಂತ ಭಾರ, ಮೇಲೆ ಹೋಗುವುದಿಲ್ಲ, ನೆಲದ ಮೇಲೆ ಹರಡಿಕೊಂಡು ಕೂರುತ್ತದೆ. ಶೆಡ್ಡಿನ ಮೂಲೆಯಲ್ಲಿ ಅಡಿಕೆ ಬೇಯಿಸುವ ಒಲೆ ಇದ್ದರೆ ಅಲ್ಲಿಯವರೆಗೂ ಹರಿದು ಹೋಗಬಹುದು. ಇನ್ನೊಂದು ವಿಷಯ: ಈಥರಿಗೆ ಜಿಡ್ಡಿನ ಗುಣ ಇಲ್ಲ. ಜಾಸ್ತಿ ಹೊಡೆದರೆ ಸಿಲಿಂಡರ್ ಗೋಡೆಯ ಮೇಲಿನ ಆಯಿಲ್ ಪದರವನ್ನೇ ತೊಳೆದುಬಿಡುತ್ತದೆ, ಆಮೇಲೆ ಪಿಸ್ಟನ್ ರಿಂಗು ಒಣಗಿದ ಗೋಡೆಯ ಮೇಲೆ ಉಜ್ಜುತ್ತದೆ. ದಿನಾ ಬೆಳಿಗ್ಗೆ ಸ್ಪ್ರೇ ಹೊಡೆದೇ ಗಾಡಿ ತೆಗೆಯುವವರ ಇಂಜಿನ್ ದಿನಾ ಅಷ್ಟಷ್ಟು ಸವೆಯುತ್ತದೆ.

ಕೊಳ್ಳುವಾಗ ಕ್ಯಾನಿನ ಮೇಲೆ ಬರೆದದ್ದನ್ನು ಓದಿ. ಕಾರ್ಬ್ಯುರೇಟರ್ ಕ್ಲೀನರ್, ಬ್ರೇಕ್ ಕ್ಲೀನರ್, ಡಬ್ಲ್ಯುಡಿ-40, ಎಲ್ಲ ಅದೇ ತರದ ಉದ್ದ ಕ್ಯಾನಿನಲ್ಲೇ ಬರುತ್ತವೆ. ಬೆಂಗಳೂರಿನ ಜೆ.ಸಿ. ರಸ್ತೆಯಂಥ ಕಡೆ ಬಿಡಿಭಾಗದ ಅಂಗಡಿಗಳಲ್ಲಿ ಕೇಳಬಹುದು, ಆನ್‌ಲೈನಿನಲ್ಲೂ ಸಿಗುತ್ತದೆ.

ಡೀಸೆಲ್ ಗಾಡಿ ಇದ್ದರೆ ಇಲ್ಲೇ ನಿಲ್ಲಿಸಿ

ಡೀಸೆಲ್ ಇಂಜಿನ್ನಿನಲ್ಲಿ ಸ್ಪಾರ್ಕ್ ಪ್ಲಗ್ ಇರುವುದಿಲ್ಲ. ಗಾಳಿಯನ್ನು ಅದುಮಿ ಕಾಯಿಸಿ, ಸರಿಯಾದ ಕ್ಷಣಕ್ಕೆ ಡೀಸೆಲ್ ಚಿಮ್ಮಿಸಿ ಉರಿಸುವುದು ಅದರ ಕ್ರಮ. ಗಾಳಿಯ ಜೊತೆಗೇ ಈಥರ್ ಒಳಗೆ ಹೋದರೆ ಪಿಸ್ಟನ್ ಇನ್ನೂ ಮೇಲೆ ಬರುತ್ತಿರುವಾಗಲೇ ಅದು ಹೊತ್ತಿಕೊಂಡು ಪಿಸ್ಟನ್ನನ್ನು ವಾಪಸ್ ಕೆಳಕ್ಕೆ ಗುದ್ದುತ್ತದೆ. ರಿಂಗು ಮುರಿಯುತ್ತದೆ, ಕನೆಕ್ಟಿಂಗ್ ರಾಡ್ ಬಗ್ಗುತ್ತದೆ. ಗ್ಲೋ ಪ್ಲಗ್ ಇರುವ ಇಂಜಿನ್ನಿನಲ್ಲಂತೂ ಒಳಗೆ ಕೆಂಪಗೆ ಕಾದ ಕಡ್ಡಿಯೇ ಕಾಯುತ್ತಿರುತ್ತದೆ. ಡೀಸೆಲ್ ಕಾರು, ಜೀಪು, ಪಿಕಪ್ಪು, ಗದ್ದೆ ಉಳುವ ಟಿಲ್ಲರು, ಯಾವುದಕ್ಕೂ ಬೇಡ. ನಿಂತ ಡೀಸೆಲ್ ಗಾಡಿ ಏಳದಿದ್ದರೆ ಡೀಸೆಲ್ ಪೈಪಿನಲ್ಲಿ ಏರ್ ಹಿಡಿದಿದೆಯಾ ನೋಡಿ, ಫಿಲ್ಟರ್ ಹತ್ತಿರ ಹ್ಯಾಂಡ್ ಪಂಪ್ ಇದ್ದರೆ ಒತ್ತಿ ಏರ್ ತೆಗೆಸಿ, ಗ್ಲೋ ಪ್ಲಗ್ ಕೆಲಸ ಮಾಡುತ್ತಿದೆಯಾ ಪರೀಕ್ಷೆ ಮಾಡಿಸಿ.

ಮಳೆಗಾಲದಲ್ಲಿ ಇಂಜಿನ್ನಿಗೆ ನೀರು ನುಗ್ಗಿರುವ ಸಂಶಯ ಇದ್ದರೂ ಅಷ್ಟೇ. ಪೆಟ್ರೋಲ್ ಗಾಡಿ ಆದರೂ ಸರಿ, ಸೆಲ್ಫ್ ಕೂಡ ಹೊಡೆಯಬಾರದು. ಗಾಳಿಯನ್ನು ಅದುಮಬಹುದು, ನೀರನ್ನು ಅದುಮಲು ಆಗುವುದಿಲ್ಲ ಅಲ್ವಾ, ರಾಡೇ ಬಗ್ಗುತ್ತದೆ. ಟೋ ಮಾಡಿಸಿ.

ಕಾರ್ಬ್ಯುರೇಟರ್ ಬದಲು ಕಂಪ್ಯೂಟರ್ ಲೆಕ್ಕದಲ್ಲಿ ಪೆಟ್ರೋಲ್ ಚಿಮ್ಮಿಸುವ, ಎಂಪಿಎಫ್‌ಐ ತರದ ಕಾರುಗಳಿಗೆ, ಅಂದರೆ ಈಗಿನ ಪೆಟ್ರೋಲ್ ಕಾರುಗಳಿಗೆ, ನನ್ನ ಸಲಹೆ ಸ್ಪ್ರೇ ಬೇಡ ಅಂತಲೇ. ಗಾಳಿ ಅಳೆಯುವ ಸೆನ್ಸರ್ ಮೇಲೆ ಬಿದ್ದರೆ ಅದು ಹಾಳಾಗಬಹುದು. ಗಾಳಿ ಒಳಗೆ ಹೋಗುವ ಕೊಳವೆ, ಅಂದರೆ ಇನ್‌ಟೇಕ್ ಮ್ಯಾನಿಫೋಲ್ಡ್, ಪ್ಲಾಸ್ಟಿಕ್ಕಿನದಾದರೆ ಒಂದು ಬ್ಯಾಕ್‌ಫೈರಿಗೆ (ಬೆಂಕಿ ಹಿಮ್ಮುಖವಾಗಿ ಚಿಮ್ಮುವುದಕ್ಕೆ) ಸೀಳಿಹೋಗಬಹುದು. ಅಂಥ ಗಾಡಿಯಲ್ಲಿ ಕೀ ಆನ್ ಮಾಡಿದಾಗ ಹಿಂದಿನ ಸೀಟಿನ ಕಡೆಯಿಂದ ಎರಡು ಸೆಕೆಂಡ್ ಪಂಪಿನ ಗುಂಯ್ ಸದ್ದು ಬರುತ್ತದಾ ಕೇಳಿ. ಬರದಿದ್ದರೆ ಫ್ಯೂಸು, ರಿಲೇ, ಪಂಪು ನೋಡಬೇಕು. ಡ್ಯಾಶಿನಲ್ಲಿ ಕೀ ಅಥವಾ ಬೀಗದ ಚಿಹ್ನೆ ಮಿನುಗುತ್ತಿದ್ದರೆ ಕಳ್ಳತನ ತಡೆಯುವ ಇಮೊಬಿಲೈಸರ್ ಗಾಡಿಯನ್ನು ತಡೆಯುತ್ತಿದೆ, ಇನ್ನೊಂದು ಕೀ ಹಾಕಿ ನೋಡಿ.

ಹಾಗಾದರೆ ಯಾವಾಗ ಬೇಕು

ಕೆನಡಾದಂಥ ಕಡೆ ಸೊನ್ನೆಗಿಂತ 20 ಡಿಗ್ರಿ ಕೆಳಗೆ ಇಳಿದಾಗ ಪೆಟ್ರೋಲ್ ಸರಿಯಾಗಿ ಆವಿಯಾಗುವುದಿಲ್ಲ, ಅಲ್ಲಿ ಇದರ ಕಥೆ ಬೇರೆ. ನಮ್ಮ ಊರಿನ ಚಳಿಗೆ ಸ್ಟಾರ್ಟಿಂಗ್ ಫ್ಲೂಯಿಡ್ ಬೇಕಾಗಿಲ್ಲ. ಮಡಿಕೇರಿ, ಬೀದರಿನ ಡಿಸೆಂಬರ್ ಬೆಳಗಿಗೂ ಗಾಳಿ ಕಡಿಮೆ ಮಾಡಿ ಪೆಟ್ರೋಲ್ ಹೆಚ್ಚು ಕೊಡುವ ಚೋಕ್ ಎಳೆದರೆ ಸಾಕು.

ನಮಗೆ ಇದು ನಿಜವಾಗಿ ಉಪಯೋಗಕ್ಕೆ ಬರುವುದು ಕಾರ್ಬ್ಯುರೇಟರ್ ಗಾಡಿ ತುಂಬಾ ದಿನ ನಿಂತಾಗ. ಕಾರ್ಬ್ಯುರೇಟರಿನಲ್ಲಿ ಒಂದು ಸಣ್ಣ ಬಟ್ಟಲು ಇರುತ್ತದೆ, ಅದರಲ್ಲಿ ಸ್ವಲ್ಪ ಪೆಟ್ರೋಲ್ ಯಾವಾಗಲೂ ನಿಂತಿರಬೇಕು. ಮೂರು ನಾಲ್ಕು ತಿಂಗಳಲ್ಲಿ ಅದೆಲ್ಲ ಆರಿಹೋಗುತ್ತದೆ. ಹಿಂದಿನ ಟ್ಯಾಂಕಿನಿಂದ ಪೆಟ್ರೋಲ್ ಎಳೆದು ತರುವ ಪಂಪು ಇಂಜಿನ್ ತಿರುಗಿದರೆ ಮಾತ್ರ ಕೆಲಸ ಮಾಡುತ್ತದೆ. ಬರೀ ಸೆಲ್ಫಿನಲ್ಲಿ ತಿರುಗಿಸುತ್ತಾ ಕೂತರೆ ಬಟ್ಟಲು ತುಂಬುವಷ್ಟರಲ್ಲಿ, ಮೊದಲೇ ನಿಂತು ಸೊರಗಿದ ಬ್ಯಾಟರಿ ಕೈಕೊಡುತ್ತದೆ. ಎರಡು ಸೆಕೆಂಡ್ ಈಥರ್ ಹೊಡೆದರೆ ಇಂಜಿನ್ ತನ್ನ ಬಲದಲ್ಲೇ ಕೆಲವು ಸೆಕೆಂಡ್ ತಿರುಗಿ ಪೆಟ್ರೋಲನ್ನು ತಾನೇ ಎಳೆದುಕೊಳ್ಳುತ್ತದೆ. ಅಷ್ಟೇ ಅದರ ಕೆಲಸ.

ಸ್ಪ್ರೇಗೆ ಮೊದಲಿನ ಅರ್ಧ ಗಂಟೆ

ಗಾಡಿಯನ್ನು ಶೆಡ್ಡಿನಿಂದ ಹೊರಗೆ ತಳ್ಳಿ. ಬಯಲಿನಲ್ಲೇ ಮಾಡಿ. ಒಳಗೆ ಸ್ಟಾರ್ಟ್ ಮಾಡಿದರೆ ಹೊಗೆಯಲ್ಲಿನ ಕಾರ್ಬನ್ ಮೊನಾಕ್ಸೈಡ್ ತುಂಬಿಕೊಳ್ಳುತ್ತದೆ, ಅದಕ್ಕೆ ವಾಸನೆಯೂ ಇಲ್ಲ. ಹ್ಯಾಂಡ್ ಬ್ರೇಕ್ ಎಳೆದು ನ್ಯೂಟ್ರಲ್ಲಿಗೆ ಹಾಕಿ, ಬಾನೆಟ್ ಎತ್ತಿ.

ಮೊದಲು ಇಲಿ ಬಂದಿತ್ತಾ ನೋಡಿ. ಏರ್ ಫಿಲ್ಟರ್ ಡಬ್ಬದ ಮುಚ್ಚಳ ತೆಗೆಯಿರಿ. ಹೋದ ವರ್ಷ ನಾನು ತೆಗೆದಾಗ ಒಳಗೆ ಅಡಿಕೆ ಸಿಪ್ಪೆಯ ನಾರು, ನೀಟಾಗಿ ಸುತ್ತಿ ಬಟ್ಟಲಿನ ಹಾಗೆ ಮಾಡಿದ ಗೂಡು. ಫಿಲ್ಟರಿನ ಕಾಗದದ ಒಂದು ಅಂಚನ್ನು ಕಡಿದು ಅದಕ್ಕೇ ಹಾಸಿಗೆ ಮಾಡಿಕೊಂಡಿತ್ತು. ಅದನ್ನು ನೋಡದೆ ಸ್ಪ್ರೇ ಹೊಡೆದು ಸ್ಟಾರ್ಟ್ ಮಾಡಿದ್ದರೆ ಆ ನಾರೆಲ್ಲ ಕಾರ್ಬ್ಯುರೇಟರಿಗೆ ಹೋಗುತ್ತಿತ್ತು, ಬ್ಯಾಕ್‌ಫೈರ್ ಆಗಿದ್ದರೆ ಒಣ ಗೂಡು ಹೊತ್ತಿಕೊಳ್ಳುತ್ತಿತ್ತು. ವೈರುಗಳನ್ನೂ, ಪೆಟ್ರೋಲಿನ ರಬ್ಬರ್ ಪೈಪುಗಳನ್ನೂ ಬೆರಳಲ್ಲಿ ಸವರಿಕೊಂಡು ಹೋಗಿ. ಹಲ್ಲಿನ ಗುರುತು ಕಣ್ಣಿಗಿಂತ ಬೆರಳಿಗೆ ಬೇಗ ಸಿಗುತ್ತದೆ.

ಆಮೇಲೆ ಆಯಿಲ್ ಮಟ್ಟ ನೋಡುವ ಕಡ್ಡಿ, ಡಿಪ್ ಸ್ಟಿಕ್. ಆಯಿಲ್ ಎರಡು ಗುರುತಿನ ನಡುವೆ ಇರಬೇಕು. ಹಾಲು ಹಾಕಿದ ಕಾಫಿ ಬಣ್ಣಕ್ಕೆ ತಿರುಗಿದ್ದರೆ ನೀರು ಸೇರಿದೆ, ಸ್ಟಾರ್ಟ್ ಮಾಡಬೇಡಿ. ಡಿಪ್ ಸ್ಟಿಕ್ಕಿನಲ್ಲಿ ಪೆಟ್ರೋಲ್ ವಾಸನೆ ಜೋರಾಗಿ ಬಂದರೂ ಆಯಿಲ್ ಬದಲಾಯಿಸಿ ಮುಂದೆ ಹೋಗಿ.

ಬ್ಯಾಟರಿಗೆ ಮಲ್ಟಿಮೀಟರ್ ಹಿಡಿಯಿರಿ. 12.6 ವೋಲ್ಟ್ ಇದ್ದರೆ ತುಂಬಿದೆ, 12.2 ಅಂದರೆ ಸುಮಾರು ಅರ್ಧ, 12ಕ್ಕಿಂತ ಕೆಳಗೆ ಇಳಿದಿದ್ದರೆ ಮೊದಲು ಚಾರ್ಜ್ ಮಾಡಿಸಿ. ಟರ್ಮಿನಲ್ ಮೇಲೆ ಬಿಳಿ ಹಸಿರು ಪುಡಿ ಕೂತಿದ್ದರೆ ಬಿಸಿ ನೀರಿಗೆ ಅಡುಗೆ ಸೋಡಾ ಕಲಸಿ ತೊಳೆದು, ಒರೆಸಿ, ಬಿಗಿ ಮಾಡಿ, ಸ್ವಲ್ಪ ವ್ಯಾಸಲೀನ್ ಹಚ್ಚಿ. ಸೆಲ್ಫ್ ಹೊಡೆದಾಗ ಬರೀ ಟಕ್ ಟಕ್ ಅಂದು ನಿಂತರೆ ಆ ತೊಂದರೆ ಬ್ಯಾಟರಿ, ಟರ್ಮಿನಲ್ ಅಥವಾ ಸ್ಟಾರ್ಟರ್ ಮೋಟಾರಿನದು. ಅದಕ್ಕೆ ಸ್ಪ್ರೇ ಹೊಡೆದರೆ ಏನೂ ಆಗುವುದಿಲ್ಲ, ಈಥರ್ ಒಳಗೆ ಸುಮ್ನೆ ಕೂತು ಅಪಾಯಕ್ಕೆ ದಾರಿ ಮಾಡುತ್ತದೆ.

ಟ್ಯಾಂಕಿನ ಪೆಟ್ರೋಲ್ ಮೂಸಿ ನೋಡಿ. ಹಳಸಿದ ಪೆಟ್ರೋಲಿಗೆ ವಾರ್ನಿಷಿನಂಥ ವಾಸನೆ ಬರುತ್ತದೆ. ಈಗ ಬಂಕಿನಲ್ಲಿ ಸಿಗುವ ಇ20 ಪೆಟ್ರೋಲಿನಲ್ಲಿ ನೂರಕ್ಕೆ 20 ಭಾಗ ಎಥೆನಾಲ್ ಇದೆ, ಎಥೆನಾಲ್ ತೇವ ಎಳೆದುಕೊಳ್ಳುತ್ತದೆ. ತೇವ ಮಿತಿ ಮೀರಿದರೆ ನೀರೂ ಎಥೆನಾಲೂ ಪೆಟ್ರೋಲಿನಿಂದ ಬೇರೆಯಾಗಿ ಟ್ಯಾಂಕಿನ ತಳಕ್ಕೆ ಇಳಿಯುತ್ತವೆ. ಹಳೇ ಗಾಡಿಯ ರಬ್ಬರ್ ಪೈಪುಗಳನ್ನು ಈ ಪೆಟ್ರೋಲಿಗೆ ಅಂತ ಮಾಡಿದ್ದಲ್ಲ, ಅವು ಉಬ್ಬುತ್ತವೆ, ಬಿರುಕು ಬಿಡುತ್ತವೆ. ಪೈಪ್ ಮೆತ್ತಗಾಗಿದ್ದರೆ ಅಥವಾ ಒದ್ದೆಯಾಗಿದ್ದರೆ ಬದಲಾಯಿಸಿದ ಮೇಲೇ ಮುಂದಿನ ಕೆಲಸ.

ಈಗ ಮಲೆನಾಡಿನ ದೊಡ್ಡ ಕಳ್ಳ, ಡಿಸ್ಟ್ರಿಬ್ಯೂಟರ್ ಕ್ಯಾಪ್. ಪ್ಲಗ್ಗುಗಳಿಗೆ ಕರೆಂಟು ಹಂಚುವ ಭಾಗದ ಮೇಲಿರುವ, ಮೂರು ಪ್ಲಗ್ ವೈರು, ಒಂದು ಕಾಯಿಲ್ ವೈರು ಬಂದು ಸೇರುವ ಮುಚ್ಚಳ ಅದು. ಬಿಚ್ಚಿ ತಿರುಗಿಸಿ ಬೆಳಕಿಗೆ ಹಿಡಿಯಿರಿ. ಒಳಗೆ ಕನ್ನಡಕಕ್ಕೆ ಬಿಸಿ ಕಾಫಿಯ ಹಬೆ ಬಡಿದ ಹಾಗೆ ಮಂಜು ಕೂತಿರುತ್ತದೆ, ಲೋಹದ ತುದಿಗಳ ಮೇಲೆ ತೆಳ್ಳಗೆ ಹಸಿರು. ಆ ತೇವದಲ್ಲಿ ಕರೆಂಟು ಪ್ಲಗ್ಗಿಗೆ ಹೋಗುವ ಬದಲು ಅಡ್ಡದಾರಿ ಹಿಡಿಯುತ್ತದೆ. ಒಣ ಹತ್ತಿ ಬಟ್ಟೆಯಲ್ಲಿ ಒರೆಸಿ, ಹಸಿರನ್ನು ಸಣ್ಣ ಸ್ಯಾಂಡ್ ಪೇಪರಿನಲ್ಲಿ ಮೆಲ್ಲಗೆ ಉಜ್ಜಿ, ಹತ್ತು ನಿಮಿಷ ಬಿಸಿಲಿಗೆ ಇಡಿ. ಕೂದಲೆಳೆಯಷ್ಟು ಕಪ್ಪು ಗೆರೆ ಕಂಡರೆ ಬಿರುಕು ಬಿಟ್ಟಿದೆ, ಹೊಸದು ತನ್ನಿ. ನಮ್ಮ ಗಾಡಿ ಅರ್ಧಕ್ಕರ್ಧ ಸಲ ಇಷ್ಟಕ್ಕೇ ಎದ್ದಿದೆ.

ಕಿಡಿ ಬರುತ್ತದಾ ಅಂತ ನೋಡುವುದಾದರೆ ಈಗಲೇ ನೋಡಿ, ಸ್ಪ್ರೇ ಹೊಡೆದ ಮೇಲೆ ಖಂಡಿತ ಬೇಡ. ಇಂಜಿನ್ನಿನ ಪ್ಲಗ್ ಬಿಚ್ಚಬೇಡಿ. ಒಂದು ಪ್ಲಗ್ ವೈರ್ ಎಳೆದು, ಕೈಲಿರುವ ಬೇರೆ ಪ್ಲಗ್ ಸಿಕ್ಕಿಸಿ, ಅದರ ಲೋಹದ ಮೈಯನ್ನು ಜಂಪರ್ ಕೇಬಲ್ಲಿನಿಂದ ಇಂಜಿನ್ನಿನ ಬರಿ ಲೋಹಕ್ಕೆ ಕಚ್ಚಿಸಿ, ಕಾರ್ಬ್ಯುರೇಟರಿನಿಂದ ದೂರ ಇಡಿ. ಯಾರಾದರೂ ಒಂದೆರಡು ಸೆಕೆಂಡ್ ಸೆಲ್ಫ್ ಹೊಡೆಯಲಿ. ನೀಲಿ ಕಿಡಿ ಚಟಚಟ ಅಂದರೆ ಕರೆಂಟ್ ಸರಿ ಇದೆ. ಪ್ಲಗ್ಗನ್ನಾಗಲಿ ವೈರನ್ನಾಗಲಿ ಕೈಯಲ್ಲಿ ಹಿಡಿಯಬೇಡಿ, ಸಾವಿರಾರು ವೋಲ್ಟ್ ಅದು.

ಇಷ್ಟು ಆದ ಮೇಲೆ ಚೋಕ್ ಎಳೆದು ಐದೈದು ಸೆಕೆಂಡಿನ ಮೂರು ಸೆಲ್ಫ್ ಹೊಡೆದು ನೋಡಿ. ಎದ್ದರೆ ಸರಿ. ಪೆಟ್ರೋಲ್ ವಾಸನೆ ಗಪ್ಪೆಂದು ಬಂದರೆ ಪ್ಲಗ್ ಒದ್ದೆಯಾಗಿದೆ. ಚೋಕ್ ಪೂರ್ತಿ ಒಳಗೆ ಹಾಕಿ, ಹತ್ತು ನಿಮಿಷ ಬಿಟ್ಟು, ಆಕ್ಸಿಲರೇಟರ್ ಪೂರ್ತಿ ಒತ್ತಿ ಹಿಡಿದು ಸೆಲ್ಫ್ ಹೊಡೆಯಿರಿ. ಈ ಸ್ಥಿತಿಯಲ್ಲಿ ಸ್ಪ್ರೇ ಬೇಡ. ಪೆಟ್ರೋಲಿನ ವಾಸನೆಯೇ ಇಲ್ಲ, ಬರೀ ಒಣಗಿ ತಿರುಗುತ್ತಿದೆ ಅಂದರೆ ಆಗ ಕ್ಯಾನ್ ತನ್ನಿ.

ಸ್ಪ್ರೇ ಹೊಡೆಯುವ ಕ್ರಮ

ಇಬ್ಬರು ಬೇಕು. ಒಬ್ಬರು ಸ್ಟೇರಿಂಗಿನಲ್ಲಿ, ಆದರೆ ಕೀಯಿಂದ ಕೈ ದೂರ. ನೀವು ಬಾನೆಟ್ ಹತ್ತಿರ, ಕಣ್ಣಿಗೆ ಕನ್ನಡಕ ಹಾಕಿಕೊಂಡು. ನೈಲಾನ್, ಟೆರಿಕಾಟ್ ಬಟ್ಟೆ ಬೇಡ, ಹತ್ತಿಯದು ಹಾಕಿ. ಬೀಡಿ ಸಿಗರೇಟಿನವರನ್ನು ಅಂಗಳದಿಂದಲೇ ಆಚೆ ಕಳಿಸಿ, ಮಕ್ಕಳನ್ನು ಜಗಲಿಗೆ ಹತ್ತಿಸಿ. ಪುಡಿ ತುಂಬಿದ ಸಣ್ಣ ಫೈರ್ ಎಕ್ಸ್‌ಟಿಂಗ್ವಿಶರ್ ಪಕ್ಕದಲ್ಲಿರಲಿ. ಪೆಟ್ರೋಲ್ ಬೆಂಕಿಗೆ ನೀರು ಹೊಯ್ದರೆ ಬೆಂಕಿ ತೇಲಿಕೊಂಡು ಹರಡುತ್ತದೆ. ಇಂಜಿನ್ ತಣ್ಣಗಿರಬೇಕು, ಬಿಸಿ ಇಂಜಿನ್ನಿಗೆ ಯಾವ ಕಾರಣಕ್ಕೂ ಹೊಡೆಯಬಾರದು.

ಕೀ ಆಫ್ ಇದೆ ಅಂತ ಬಾಯಲ್ಲಿ ಕೇಳಿ ಖಚಿತ ಮಾಡಿಕೊಳ್ಳಿ. ಚೋಕ್ ಒಳಗೆ ಹಾಕಿಸಿ, ಇಲ್ಲದಿದ್ದರೆ ಕಾರ್ಬ್ಯುರೇಟರಿನ ಬಾಯಿ ಮುಚ್ಚಿರುತ್ತದೆ. ಕ್ಯಾನನ್ನು ಒಮ್ಮೆ ಅಲುಗಿಸಿ, ಒಂದಡಿ ದೂರದಿಂದ ಕಾರ್ಬ್ಯುರೇಟರಿನ ಬಾಯಿಗೆ ಒಂದರಿಂದ ಎರಡು ಸೆಕೆಂಡ್ ಹೊಡೆಯಿರಿ. ಮುಖ ಪಕ್ಕಕ್ಕೆ ಇರಲಿ. ತಕ್ಷಣ ಏರ್ ಫಿಲ್ಟರ್ ಮುಚ್ಚಳ ಕೂರಿಸಿ ಬಿಗಿ ಮಾಡಿ. ಇದನ್ನು ತುಂಬಾ ಜನ ಬಿಟ್ಟುಬಿಡುತ್ತಾರೆ. ಬ್ಯಾಕ್‌ಫೈರ್ ಆದರೆ ಬೆಂಕಿ ಮುಖಕ್ಕೆ ಬರದಂತೆ ತಡೆಯುವುದು ಆ ಮುಚ್ಚಳವೇ. ಕ್ಯಾನನ್ನು ಹತ್ತು ಹೆಜ್ಜೆ ದೂರ ಇಟ್ಟು ಬಂದು, ಪಕ್ಕಕ್ಕೆ ನಿಂತು, "ಹೊಡಿ" ಅನ್ನಿ. ಸೆಲ್ಫ್ ಐದು ಸೆಕೆಂಡ್, ಹೆಚ್ಚೆಂದರೆ ಹತ್ತು. ಆಕ್ಸಿಲರೇಟರ್ ಪಂಪ್ ಮಾಡುವುದು ಬೇಡ, ಹಿಡಿದ ತಕ್ಷಣ ಸ್ವಲ್ಪ ಕೊಟ್ಟರೆ ಸಾಕು.

ಏಳಲಿಲ್ಲವಾ? ಒಂದು ನಿಮಿಷ ಬಿಡಿ, ಸ್ಟಾರ್ಟರ್ ತಣಿಯಲಿ. ಇನ್ನೊಂದು ಸಲ ಅಷ್ಟೇ ಪ್ರಮಾಣ. ಮೂರನೇ ಸಲಕ್ಕೂ ಆಗಲಿಲ್ಲ ಅಂದರೆ ಕ್ಯಾನ್ ಮುಚ್ಚಿಡಿ. ಸೆಲ್ಫ್ ತಿರುಗುತ್ತಿರುವಾಗ ಮೇಲಿಂದ ಹೊಡೆಯುತ್ತಾ ನಿಲ್ಲುವುದನ್ನು ವಿಡಿಯೊಗಳಲ್ಲಿ ನೋಡಿರುತ್ತೀರಿ, ದಯವಿಟ್ಟು ಹಾಗೆ ಮಾಡಬೇಡಿ.

ಬಾಟಲಿಯಲ್ಲಿ ಪೆಟ್ರೋಲ್ ತಂದು ಕಾರ್ಬ್ಯುರೇಟರಿಗೆ ಸುರಿಯುವುದಂತೂ ಇನ್ನೂ ಕೆಟ್ಟದ್ದು. ಒಂದು ಗ್ಯಾರೇಜಿನಲ್ಲಿ ಕಣ್ಣೆದುರೇ ನಡೆದದ್ದು ಹೇಳುತ್ತೇನೆ. ಹುಡುಗ ನೀರಿನ ಬಾಟಲಿಯ ಮುಚ್ಚಳಕ್ಕೆ ತೂತು ಮಾಡಿ ಪೆಟ್ರೋಲ್ ಚಿಮ್ಮಿಸುತ್ತಿದ್ದ, ಒಳಗಿನಿಂದ ಸೆಲ್ಫ್ ಹೊಡೆದರು, ಢಪ್ ಅಂತ ಒಂದೇ ಸದ್ದು. ಕಾರ್ಬ್ಯುರೇಟರಿನಿಂದ ಎದ್ದ ಬೆಂಕಿ ಪೆಟ್ರೋಲಿನ ಧಾರೆಯನ್ನೇ ಹಿಡಿದು ಬಾಟಲಿಗೆ ಬಂತು. ಅವನು ಗಾಬರಿಯಲ್ಲಿ ಬಾಟಲಿ ಬಿಸಾಡಿದ. ಪುಣ್ಯಕ್ಕೆ ಅದು ಖಾಲಿ ಅಂಗಳದ ಕಡೆ ಬಿತ್ತು. ಅವನ ಮುಂಗೈ ಕೂದಲು ಪೂರ್ತಿ ಸುಟ್ಟಿತ್ತು, ಬೆರಳುಗಳಲ್ಲಿ ಬೊಬ್ಬೆ. ಅವತ್ತಿನಿಂದ ನಮ್ಮ ಮನೆಯಲ್ಲಿ ಬಾಟಲಿ ಪೆಟ್ರೋಲ್ ಬಂದ್.

ಇಂಜಿನ್ ಏನು ಹೇಳಿತು

ಸ್ಪ್ರೇಗೆ ಹಿಡಿದುಕೊಂಡು ಓಡುತ್ತಲೇ ಇದ್ದರೆ ಬಟ್ಟಲು ತುಂಬಿತು, ಕೆಲಸ ಮುಗಿಯಿತು. ಎರಡು ಸೆಕೆಂಡ್ ಗುರ್ ಅಂದು ನಿಂತು, ಮತ್ತೆ ಹೊಡೆದರೆ ಮತ್ತೆ ಎರಡೇ ಸೆಕೆಂಡ್ ಓಡಿದರೆ, ಕಿಡಿ ಇದೆ, ಪೆಟ್ರೋಲ್ ಬರುತ್ತಿಲ್ಲ. ಫಿಲ್ಟರ್ ಕಟ್ಟಿರಬಹುದು, ಪಂಪಿನ ಡಯಾಫ್ರಮ್ ಹೋಗಿರಬಹುದು, ಪೈಪಿನಲ್ಲಿ ಗಾಳಿ ಎಳೆಯುತ್ತಿರಬಹುದು, ಕಾರ್ಬ್ಯುರೇಟರಿನ ಜೆಟ್ಟಿನಲ್ಲಿ, ಅಂದರೆ ಪೆಟ್ರೋಲ್ ಬರುವ ಸಣ್ಣ ತೂತಿನಲ್ಲಿ, ಕಸ ಕೂತಿರಬಹುದು. ಸ್ಪ್ರೇಗೂ ಒಂದು ಕೆಮ್ಮೂ ಬರಲಿಲ್ಲ ಅಂದರೆ ಕಿಡಿ ಇಲ್ಲ ಅಥವಾ ಸಿಲಿಂಡರಿನಲ್ಲಿ ಗಾಳಿ ಅದುಮುವ ಒತ್ತಡ (ಕಂಪ್ರೆಷನ್) ಇಲ್ಲ. ಕಾರ್ಬ್ಯುರೇಟರ್ ಕಡೆ ಢಪ್ ಢಪ್ ಅಂದರೆ ಕಿಡಿ ಬರುವ ಹೊತ್ತು (ಟೈಮಿಂಗ್) ತಪ್ಪಿದೆ, ಇಲ್ಲವೇ ಪ್ಲಗ್ ವೈರುಗಳು ಅದಲು ಬದಲಾಗಿವೆ. ಕ್ಯಾಪ್ ಒರೆಸುವಾಗ ವೈರುಗಳಿಗೆ 1, 2, 3 ಅಂತ ಟೇಪ್ ಅಂಟಿಸಿದ್ದರೆ ಇದು ಆಗುವುದಿಲ್ಲ. ಹೀಗೆ ಕಂಡದ್ದನ್ನು ಮೆಕ್ಯಾನಿಕ್ಕಿಗೆ ಹೇಳಿ. "ಸ್ಟಾರ್ಟ್ ಆಗ್ತಿಲ್ಲ" ಅನ್ನುವುದಕ್ಕೂ "ಸ್ಪ್ರೇಗೆ ಎರಡು ಸೆಕೆಂಡ್ ಓಡಿ ನಿಲ್ತದೆ" ಅನ್ನುವುದಕ್ಕೂ ಅರ್ಧ ದಿನದ ಕೂಲಿ ವ್ಯತ್ಯಾಸ ಇದೆ.

ಎದ್ದ ಮೇಲೆ

ರೇಸ್ ಮಾಡಬೇಡಿ. ತಿಂಗಳುಗಟ್ಟಲೆ ನಿಂತ ಇಂಜಿನ್ನಿನ ಆಯಿಲ್ ಎಲ್ಲ ಕೆಳಗೆ ಇಳಿದಿರುತ್ತದೆ. ಆಯಿಲ್ ದೀಪ ಕೆಲವೇ ಸೆಕೆಂಡಿನಲ್ಲಿ ಆರಬೇಕು, ಆರದಿದ್ದರೆ ತಕ್ಷಣ ಬಂದ್ ಮಾಡಿ. ಒಂದೆರಡು ನಿಮಿಷ ಐಡ್ಲಿಂಗಿನಲ್ಲಿ ಬಿಟ್ಟು, ಬ್ಯಾಟರಿಗೆ ಮತ್ತೆ ಮೀಟರ್ ಹಿಡಿಯಿರಿ. 13.8ರಿಂದ 14.5 ವೋಲ್ಟ್ ತೋರಿಸಿದರೆ ಆಲ್ಟರ್ನೇಟರ್ ಚಾರ್ಜ್ ಮಾಡುತ್ತಿದೆ. ಆಮೇಲೆ ಅರ್ಧ ಗಂಟೆ ಮೆಲ್ಲಗೆ ಓಡಿಸಿಕೊಂಡು ಬನ್ನಿ, ಮೊದಲ ತಿರುವಿಗೆ ಮುಂಚೆಯೇ ಬ್ರೇಕ್ ಒತ್ತಿ ನೋಡಿ.

ಆಯಿಲನ್ನು ಕಿಲೋಮೀಟರ್ ಲೆಕ್ಕಕ್ಕೆ ಕಾಯಬೇಡಿ. ಕಡಿಮೆ ಓಡುವ ಗಾಡಿಗೂ ವರ್ಷಕ್ಕೊಮ್ಮೆ ಬದಲಾಯಿಸಬೇಕು, ಫಿಲ್ಟರ್ ಸಮೇತ. ದಿನಾ ಎರಡು ಕಿಲೋಮೀಟರ್ ಮಾತ್ರ ಓಡಿದರೆ ಇಂಜಿನ್ ಪೂರ್ತಿ ಕಾಯುವುದೇ ಇಲ್ಲ, ಒಳಗಿನ ತೇವ ಆಯಿಲಿನಲ್ಲೇ ಉಳಿಯುತ್ತದೆ. 20ಡಬ್ಲ್ಯು-40 ಅಂತ ಬರೆದಿರುವುದರಲ್ಲಿ ಮೊದಲ ಅಂಕಿ ತಣ್ಣಗಿರುವಾಗ ಆಯಿಲ್ ಎಷ್ಟು ಸಲೀಸಾಗಿ ಹರಿಯುತ್ತದೆ ಅನ್ನುವುದಕ್ಕೆ, ಸಣ್ಣದಾದಷ್ಟೂ ಬೇಗ ಮೇಲೆ ತಲುಪುತ್ತದೆ. ಆದರೆ ಯಾವುದು ಹಾಕಬೇಕು ಅಂತ ಗಾಡಿಯ ಕೈಪಿಡಿಯೇ ಹೇಳಲಿ.

ರೇಡಿಯೇಟರಿಗೆ ಬೋರ್‌ವೆಲ್ ನೀರು ಹಾಕುವ ಅಭ್ಯಾಸ ಬಿಡಿ. ಕೋಲಾರ, ಬೆಂಗಳೂರಿನ ಗಡಸು ನೀರು ಸ್ನಾನದ ಹಂಡೆಯಲ್ಲಿ ಬಿಳಿ ಪದರ ಕೂರಿಸುತ್ತದಲ್ಲ, ರೇಡಿಯೇಟರಿನ ಸಣ್ಣ ಕೊಳವೆಗಳಲ್ಲೂ ಅದೇ ಕೂರುತ್ತದೆ. ಕೂಲೆಂಟ್ ಮತ್ತು ಡಿಸ್ಟಿಲ್ಡ್ ವಾಟರ್ ಸಮಸಮ ಸಾಕು. ಬಿಸಿ ಇರುವಾಗ ಮುಚ್ಚಳ ಮುಟ್ಟಬೇಡಿ. ಟೈಮಿಂಗ್ ಬೆಲ್ಟ್ ಬದಲಾಯಿಸಿದ ದಿನ ನೆನಪಿಲ್ಲ ಅಂದರೆ ಈಗಲೇ ಬದಲಾಯಿಸಿ, ರಬ್ಬರಿಗೆ ವಯಸ್ಸೂ ಆಗುತ್ತದೆ.

ಮುಂದಿನ ಮಳೆಗಾಲಕ್ಕೆ ನಿಲ್ಲಿಸುವ ಮುಂಚೆ ಟ್ಯಾಂಕ್ ತುಂಬಿಸಿ, ಖಾಲಿ ಜಾಗ ಕಡಿಮೆಯಾದಷ್ಟೂ ಒಳಗೆ ನೀರಿನ ಹನಿ ಕಡಿಮೆ. ಬ್ಯಾಟರಿಯ ಮೈನಸ್ ವೈರ್ ಬಿಚ್ಚಿ. ಏರ್ ಫಿಲ್ಟರಿನ ಮೂತಿಗೆ ಸಣ್ಣ ಕಣ್ಣಿನ ತಂತಿ ಜಾಲರಿ ಕಟ್ಟಿ, ಇಲಿಗೆ ಅಂತ ಹೊಗೆಸೊಪ್ಪು ಇಡುವವರು ಅದನ್ನು ಬ್ಯಾಟರಿ ಕಡೆಗೆ ಇಡಿ, ಸೈಲೆನ್ಸರ್ ಕಡೆ ಬೇಡ. ಹದಿನೈದು ದಿನಕ್ಕೊಮ್ಮೆ ಮಳೆ ಬಿಟ್ಟಾಗ ಜಾಲರಿ ಬಿಚ್ಚಿ, ಮೈನಸ್ ಹಾಕಿ, ಅರ್ಧ ಗಂಟೆ ಓಡಿಸಿ ತಂದರೆ ಕಾರ್ಬ್ಯುರೇಟರ್ ಒಣಗುವುದೇ ಇಲ್ಲ. ಸ್ಪ್ರೇ ಕ್ಯಾನನ್ನು ಕಾರಿನೊಳಗೆ ಬಿಡಬೇಡಿ, ಬಿಸಿಲಿಗೆ ನಿಂತ ಕಾರಿನಲ್ಲಿ ಅದು ಸಿಡಿಯಬಹುದು. ನಮ್ಮಲ್ಲಿ ಅದು ಅಟ್ಟದ ಕೆಳಗಿನ ಗೂಡಿನಲ್ಲಿದೆ, ಒಲೆಯಿಂದ ದೂರ, ಮಕ್ಕಳ ಕೈಗೆ ಎಟುಕದ ಎತ್ತರದಲ್ಲಿ. ಮೇಲೆ ಅಪ್ಪಯ್ಯ ಮಾರ್ಕರಿನಲ್ಲಿ ದಪ್ಪಗೆ ಬರೆದಿದ್ದಾರೆ: "ಟಿಲ್ಲರಿಗೆ ಅಲ್ಲ. ಎರಡು ಸೆಕೆಂಡ್."